ಈ ಕೋಟು ಅವರದ್ದಲ್ಲ

ನನ್ನ ಗಂಡ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಮೈದುನ ಅವರದ್ದೊಂದು ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದ. ಮೇಜಿನ ಮೇಲೆ ನಿಲ್ಲಿಸಿ ಬಟ್ಟೆ ಸರಿಸಿದ. ಗಾಜಿನೊಳಗೆ ಒಬ್ಬ ಮನುಷ್ಯ ಕೂತಿದ್ದ. ಕಪ್ಪು ಕೋಟು, ಕೆಂಪು ಟೈ. ಸುಣ್ಣ ಬಳಿದ ಗೋಡೆಯಂಥ ಮುಖ. ಹಿಂದೆ ಹಿಮದ ಬೆಟ್ಟ, ನೀಲಿ ಕೆರೆ, ಕೆರೆಯಲ್ಲಿ ಬಾತುಕೋಳಿ.

"ಯಾರಿದು?" ಎಂದೆ.

"ಏನತ್ತಿಗೆ ಹಾಗಂತೀರ. ಅಣ್ಣ."

"ನಿಮ್ಮಣ್ಣ ಯಾವತ್ತು ಕೋಟು ಹಾಕಿದ್ರು?"

"ಅದು ಕಂಪ್ಯೂಟರಲ್ಲಿ ಹಾಕಿದ್ದು."

"ಬದುಕಿದ್ದಾಗ ಒಂದು ಅಂಗಿ ತಂದುಕೊಡಲಿಲ್ಲ. ಸತ್ತ ಮೇಲೆ ಕೋಟು ಹೊಲಿಸಿದೆಯಾ?"

ಅವನು ಬೆಡ್‌ಶೀಟು ಮಡಿಸತೊಡಗಿದ. ಅತ್ತೆ ಎದ್ದು ಬಂದರು. ಅವರ ಎರಡೂ ಕಣ್ಣಿಗೆ ಪೊರೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು, ಗಾಜನ್ನು ಸವರಿದರು.

"ನನ್ನ ಮಗ ಸಾಹೇಬ ಆಗಿಬಿಟ್ಟಿದ್ದಾನೆ" ಎಂದರು. "ಒಂದು ದಿನ ಹೀಗೆ ನೆಟ್ಟಗೆ ಕೂತವನಲ್ಲ."

ನಾನು ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸತ್ತೆಮ್ಮೆಗೆ ಸೇರು ಹಾಲು ಅನ್ನುತ್ತಾರೆ. ಹಾಲು ಕೊಡುವುದು ಗೊತ್ತಿತ್ತು. ಕೋಟೂ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ.

ನನ್ನ ಗಂಡನ ಎಡಹುಬ್ಬಿನಲ್ಲಿ ಒಂದು ಗಾಯದ ಗುರುತಿತ್ತು. ಚಿಕ್ಕವರಿದ್ದಾಗ ಸೈಕಲ್ಲಿಂದ ಬಿದ್ದದ್ದು. ಹುಬ್ಬು ಅಲ್ಲಿ ಎರಡು ಭಾಗವಾಗಿತ್ತು. ಗಾಜಿನೊಳಗಿನವನ ಹುಬ್ಬು ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಒಂದೇ ಗೆರೆ. ಗಲ್ಲದ ಮೇಲಿನ ಬಿಳಿ ಕೂದಲು ಇಲ್ಲ. ಕಣ್ಣಿನ ಕೆಳಗಿನ ಚೀಲ ಇಲ್ಲ. ನಾನು ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದ ಮುಖ ಅದಲ್ಲ.

ಕೋಟು ಯಾರದ್ದು ಅಂತ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಅದು ಅಂಗಡಿಯದ್ದು.

ನಮ್ಮದು ಫೋಟೋ ಸ್ಟುಡಿಯೋ. ಮಾವ ಶುರುಮಾಡಿದ್ದು. ಅವರ ನಂತರ ಅಣ್ಣತಮ್ಮ ಇಬ್ಬರೂ ನಡೆಸುತ್ತಿದ್ದರು. ಮುಂದೆ ಶೋಕೇಸು, ಅದರ ಹಿಂದೆ ಕೌಂಟರು. ಒಳಗಿನ ಕೋಣೆಯಲ್ಲಿ ಒಂದು ಕುರ್ಚಿ, ಎರಡು ದೀಪ, ಗೋಡೆಗೆ ಬಣ್ಣದ ಪರದೆ. ಹಿಮದ ಬೆಟ್ಟವನ್ನು ಜನ್ಮದಲ್ಲಿ ನೋಡದ ಒಬ್ಬ ಪೇಂಟರ್ ಆ ಪರದೆ ಬರೆದಿದ್ದ. ಬೆಟ್ಟ ಮೊಸರು ಸುರಿದ ಹಾಗಿತ್ತು. ಪರದೆಯ ಪಕ್ಕದ ಮೊಳೆಗೆ ಕೋಟು. ಒಂದೇ ಕೋಟು, ಎಲ್ಲ ಅಳತೆಯವರಿಗೂ. ಸಣ್ಣಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿ ಮಾಡುವುದು. ದಪ್ಪಗಿದ್ದವರಿಗಾಗಿ ಬೆನ್ನು ಸೀಳಿಯೇ ಇತ್ತು. ಮೂರನೇ ಗುಂಡಿ ಕಳೆದುಹೋದಾಗ ನಾನೇ ಬೇರೆ ಬಣ್ಣದ್ದು ಹೊಲಿದಿದ್ದೆ. ಗಾಜಿನೊಳಗೂ ಅದೇ ಗುಂಡಿ. ಊರಿನ ಅರ್ಧ ಗಂಡಸರಿಗೆ ಆ ಕೋಟಿನ ಫೋಟೋದಿಂದಲೇ ಹೆಣ್ಣು ಸಿಕ್ಕಿದ್ದು. ಸತ್ತವರ ಫೋಟೋ ದೊಡ್ಡದು ಮಾಡುವಾಗಲೂ ಅದೇ ಕೋಟು. ಮನೆಯವರು ಹರಿದ ಬನಿಯನ್ನಿನ ಫೋಟೋ ತರುತ್ತಿದ್ದರು. ತಲೆ ಕತ್ತರಿಸಿ ಕೋಟಿನ ಮೇಲೆ ಅಂಟಿಸಿ, ಬ್ರಶ್ಶಿನಿಂದ ಕತ್ತಿನ ಗೆರೆ ಮುಚ್ಚಿ ಕೊಡುವುದು. ಆಗ ಕಂಪ್ಯೂಟರ್ ಇರಲಿಲ್ಲ. ತಲೆ ಕತ್ತರಿಸುವವಳು ನಾನು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಿವಿಯ ಸುತ್ತ ಕತ್ತರಿ ತಿರುಗಿಸುವುದು ನನ್ನಷ್ಟು ಯಾರಿಗೂ ಬರುತ್ತಿರಲಿಲ್ಲ.

ಒಮ್ಮೆ ಹೀಗೆ ಯಾರದ್ದೋ ತಲೆ ಕತ್ತರಿಸುತ್ತಿದ್ದಾಗ ಅವರು ನಗುತ್ತಾ ತಮ್ಮನಿಗೆ ಹೇಳಿದ್ದರು. "ನಾನು ಸತ್ರೆ ಆ ಕೋಟು ಹಾಕ್ಬೇಡ ಕಣೋ. ಕಾಲರಿನ ವಾಸನೆಗೆ ಎದ್ದು ಬಂದುಬಿಡ್ತೀನಿ."

ಮೈದುನನೂ ನಕ್ಕಿದ್ದ. ಅದನ್ನು ಅವನು ಮರೆತಿರಲಾರ.

ಅವರು ಮೊದಲಿಂದ ಕೋಟು ಬೇಡ ಅನ್ನುವವರಾಗಿರಲಿಲ್ಲ. ತಮ್ಮನ ಹಾಗೆಯೇ ಇದ್ದರು. ಗಲ್ಲ ಎತ್ತಿ, ಸ್ವಲ್ಪ ಈ ಕಡೆ, ನಗಿ, ಮುಗೀತು. ಅವರನ್ನು ಕೆಡಿಸಿದ್ದು ಪುಸ್ತಕ. ಕೆಡಿಸಿದ್ದು ಅಂತ ಹೇಳಿದವನು ಮೈದುನ. ನಾನೂ ಎಷ್ಟೋ ಸಲ ಹೇಳಿದ್ದೇನೆ.

ಬಸ್‌ಸ್ಟ್ಯಾಂಡಿನ ಹಿಂದೆ ರದ್ದಿ ಅಂಗಡಿ. ಅಲ್ಲಿಯ ಮುದುಕನಿಗೆ ತಕ್ಕಡಿ ತಾತ ಅಂತಲೇ ಹೆಸರು. ಪೇಪರು, ಪುಸ್ತಕ, ಕಬ್ಬಿಣ ಎಲ್ಲವನ್ನೂ ತೂಕಕ್ಕೆ ಹಾಕುತ್ತಿದ್ದ. ಯಾರೋ ದೊಡ್ಡ ಮನೆ ಖಾಲಿ ಮಾಡುವಾಗ ಅವನ ಹತ್ತಿರ ಒಂದಷ್ಟು ಫೋಟೋ ಪುಸ್ತಕಗಳು ಬಂದವು. ಒಂದೊಂದೂ ರುಬ್ಬುವ ಕಲ್ಲಿನ ಭಾರ. ಬೇರೆ ದೇಶದ್ದು, ಬೇರೆ ಭಾಷೆ.

"ಈ ಹಾಳೆ ಪೊಟ್ಟಣ ಕಟ್ಟಕ್ಕೂ ಬರಲ್ಲ, ಮಡಿಸಿದ್ರೆ ಮುರಿಯುತ್ತೆ" ಎಂದು ತಾತ ಅವರನ್ನು ಕರೆದು ಕೊಟ್ಟ. "ನೀನು ಫೋಟೋದವನು, ತಗೊಂಡು ಹೋಗು. ಜಾಗ ಖಾಲಿ ಆಗಲಿ."

ಮೊದಲು ತಂದ ಪುಸ್ತಕದ ತುಂಬ ಗಣಿ ಕೆಲಸದವರು. ನೆಲದೊಳಗಿಂದ ಆಗತಾನೇ ಮೇಲೆ ಬಂದವರು. ಮುಖವೆಲ್ಲ ಮಸಿ. ಕಣ್ಣು ಮಾತ್ರ ಬಿಳಿ. ನಮ್ಮ ಯಜಮಾನರು ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಪುಸ್ತಕ ಮುಟ್ಟಿದರು. ಊಟಕ್ಕೆ ಮುಂಚೆ ಕೈ ತೊಳ್ಕೊಳ್ಳಿ ಅಂತ ನಾನು ವರ್ಷಗಟ್ಟಲೆ ಹೇಳಿದ್ದಕ್ಕೆ ಬೆಲೆ ಇರಲಿಲ್ಲ.

"ನೋಡೇ, ಇವರಿಗೆ ಯಾರೂ ನಗು ಅಂದಿಲ್ಲ" ಎಂದರು.

"ನಗಕ್ಕೆ ಏನಿದೆ ಪಾಪ. ಮುಖ ತೊಳೆಯಕ್ಕೂ ಬಿಟ್ಟಿಲ್ಲ."

"ಅದೇ ಮತ್ತೆ. ತೊಳೆಯಕ್ಕೆ ಮುಂಚೆ ತೆಗೆದಿದ್ದಾನೆ. ತೊಳೆದ ಮೇಲೆ ಎಲ್ಲರೂ ಒಂದೇ."

ಆಮೇಲೆ ನನ್ನ ತಟ್ಟೆ ನಿಲ್ಲಿಸುವ ತಂತಿಯ ಸ್ಟ್ಯಾಂಡು ಹೋಯಿತು. ಅದರ ಮೇಲೆ ಪುಸ್ತಕ ಬಿಚ್ಚಿ, ಊಟದ ಜಾಗದ ಎದುರು ಇಟ್ಟರು. ವಾರಕ್ಕೊಂದು ಪುಟ. ಅದು ಅವರ ಕಟ್ಟಳೆ. ಹಾಳೆ ತಿರುಗಿಸುವುದು ಭಾನುವಾರ ಮಾತ್ರ, ಅದೂ ಅವರೇ. ಒಮ್ಮೆ ಧೂಳು ಒರೆಸುವಾಗ ನನ್ನ ಕೈಯಿಂದ ತಿರುಗಿಹೋಗಿ, ಮನೆಯಲ್ಲಿ ಎರಡು ದಿನ ಮಾತಿಲ್ಲ.

ಅತ್ತೆಗೆ ಆಗ ಕಣ್ಣು ಚೆನ್ನಾಗಿತ್ತು. "ಊಟ ಮಾಡೋವಾಗ ಎದುರಿಗೆ ಆ ಮಸಿ ಮುಖದವನನ್ನ ಕೂರಿಸ್ಬೇಡ" ಅನ್ನುತ್ತಿದ್ದರು. "ಅವನಿಗೂ ಒಂದು ತಟ್ಟೆ ಹಾಕ್ಬೇಕು ಅನ್ಸುತ್ತೆ."

ಎರಡನೇ ಪುಸ್ತಕದಲ್ಲಿ ಮನುಷ್ಯರೇ ಇಲ್ಲ. ಬರೀ ನೆಲ. ಕಲ್ಲು, ಮರಳು, ಉಪ್ಪಿನ ಬಯಲು, ಆಕಾಶ. ಒಂದು ವಾರ ಉಪ್ಪಿನ ಬಯಲಿನ ಪುಟ ಇತ್ತು. ಬಿಳಿ ಕೆಳಗೆ, ಬೂದು ಮೇಲೆ, ಅಷ್ಟೆ.

"ಏನೂ ಇಲ್ವಲ್ರೀ ಇದರಲ್ಲಿ."

"ಇರು. ಶನಿವಾರದ ಹೊತ್ತಿಗೆ ಬರುತ್ತೆ."

ನನಗೆ ಸಿಟ್ಟು ಬಂತು. ಆದರೂ ಬಡಿಸುವಾಗ, ತೊಳೆಯುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಶುಕ್ರವಾರ ಕಂಡಿತು. ಕೆಳಗಿನ ಮೂಲೆಯಿಂದ ಗಾಡಿಯ ಗಾಲಿಯ ಗುರುತು, ಕೂದಲೆಳೆಯಷ್ಟು ತೆಳ್ಳಗೆ, ಬಯಲಿನೊಳಗೆ ಹೋಗಿತ್ತು. ವಾಪಸ್ಸು ಬಂದಿರಲಿಲ್ಲ. ಅದನ್ನು ಹೇಳಿದೆ. ಅವರು ಅನ್ನದ ಕೈಯಲ್ಲೇ ನನ್ನ ಬೆನ್ನು ತಟ್ಟಿದರು. ರವಿಕೆ ಹಾಳಾಯಿತು.

ಅಲ್ಲಿಂದ ಅಂಗಡಿಯಲ್ಲಿ ಜಗಳ ಶುರುವಾಯಿತು. ಅವರು ಹಿಮದ ಬೆಟ್ಟದ ಪರದೆಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟರು. ಹಿಂಭಾಗ ಬರೀ ಗೋಣಿ ಬಣ್ಣ. ಬಂದವರಿಗೆ ಪೌಡರ್ ಬೇಡ ಅಂದರು, ಕೋಟು ಬೇಡ ಅಂದರು. ಕಲೆ ತೆಗೆಯಲು ಬ್ರಶ್ಶು ಮುಟ್ಟಲಿಲ್ಲ. ಬೇಕರಿಯವನ ಹೆಂಡತಿಯ ಕೆನ್ನೆಗೆ ಒಲೆಯ ಬೆಂಕಿ ತಾಗಿದ ಕಲೆ ಇತ್ತು. ತೆಗೀರಿ ಅಂತ ಹೇಳಿಹೋಗಿದ್ದಳು. ಇವರು ಹಾಗೆಯೇ ಕೊಟ್ಟರು. ಅವಳು ಕವರನ್ನು ಕೌಂಟರಿನ ಮೇಲೆ ಎಸೆದು ಹೋದಳು.

"ಅವಳ ಮುಖ, ಅವಳ ಇಷ್ಟ" ಎಂದೆ ನಾನು.

"ಅದು ಅವಳ ಕೆಲಸದ ಗುರುತು ಕಣೇ."

"ನಿಮಗೆ ಪುಸ್ತಕ. ಅವಳಿಗೆ ಕನ್ನಡಿ."

ಆ ವಿಷಯದಲ್ಲಿ ಈಗಲೂ ನಾನು ಅವಳ ಕಡೆ. ಅವಳು ಕೇಳಿದ್ದಳು, ಕೊಡಲಿಲ್ಲ. ಇವರು ಕೋಟು ಬೇಡ ಅಂದಿದ್ದರು, ಮೈದುನ ಹಾಕಿದ. ಎರಡೂ ಒಂದೇ ತಪ್ಪು.

ಗಿರಾಕಿಗಳು ತಮ್ಮನ ಸರದಿ ನೋಡಿಕೊಂಡು ಬರತೊಡಗಿದರು. ಇವರಿಗೆ ಅದರಿಂದ ಬೇಜಾರಿಲ್ಲ. ಊರ ಹೊರಗೆ ಪವರ್‌ಹೌಸಿನ ಬೂದಿ ತಂದು ಸುರಿಯುವ ಜಾಗ ಇದೆ. ಲಾರಿಗಳು ಸುರಿದು ಸುರಿದು ಗುಡ್ಡವೇ ಆಗಿದೆ. ಹುಲ್ಲು ಹುಟ್ಟುವುದಿಲ್ಲ. ಭಾನುವಾರ ಹಳೇ ರೀಲಿನ ಕ್ಯಾಮೆರಾ ಹಿಡಿದು ಅಲ್ಲಿಗೆ ಹೊರಡುತ್ತಿದ್ದರು. ನನ್ನನ್ನೂ ಎಳೆದುಕೊಂಡು.

"ಪುಸ್ತಕದಲ್ಲಿರೋ ಜಾಗ ಇಲ್ಲೇ ಇದೆ ಕಣೇ. ನಾವು ಮೂಗು ಮುಚ್ಕೊಂಡು ದಾಟ್ಕೊಂಡು ಹೋಗ್ತಿದ್ವಿ."

"ಈಗಲೂ ಮುಚ್ಕೊಂಡೇ ಇದ್ದೀನಿ."

ನನ್ನನ್ನು ದೂರ ಕಳಿಸಿ ಗುಡ್ಡದ ಬುಡದಲ್ಲಿ ನಿಲ್ಲಿಸುತ್ತಿದ್ದರು. ಅಳತೆಗೆ ಅಂತೆ. ಮನುಷ್ಯರಿಲ್ಲದಿದ್ದರೆ ಗುಡ್ಡ ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತಾಗುವುದಿಲ್ಲವಂತೆ.

"ನಾನೇನು ಅಳತೆಗೋಲಾ?" ಎಂದು ಅಲ್ಲಿಂದಲೇ ಕೂಗುತ್ತಿದ್ದೆ. ಗಾಳಿಗೆ ಬಾಯಿ ತುಂಬ ಬೂದಿ.

ಅವರ ಎಲ್ಲ ಫೋಟೋಗಳಲ್ಲೂ ನಾನು ಇರುವೆಯಷ್ಟು. ಅವರು ಯಾವುದರಲ್ಲೂ ಇಲ್ಲ. ತೆಗೆಯುವವನು ಹೇಗೆ ಇರುತ್ತಾನೆ. ಒಂದು ಭಾನುವಾರ ಮಾತ್ರ ನಾನು ಹಟ ಹಿಡಿದೆ. ಈ ಸಲ ನೀವು ಹೋಗಿ ಬೂದಿ ತಿನ್ನಿ ಎಂದೆ. ಅವರು ಕ್ಯಾಮೆರಾ ಸರಿಮಾಡಿ ನನ್ನ ಕೈಗೆ ಕೊಟ್ಟು, "ತಲೆ ಕತ್ತರಿಸ್ಬೇಡ, ನೆಲಾನೂ ಕತ್ತರಿಸ್ಬೇಡ" ಅಂತ ಹೇಳಿ ಹೋಗಿ ನಿಂತರು. ನಾನು ಒತ್ತಿದೆ. ಫೋಟೋ ಬಂದಾಗ ಗುಡ್ಡ ಒಂದು ಕಡೆ ವಾಲಿತ್ತು. ಅವರು ನೋಡಿ, "ಭೂಮಿ ಉರುಳ್ತಾ ಇದೆಯಲ್ಲೇ" ಎಂದರು. ಹರಿಯಲಿಲ್ಲ, ಎಸೆಯಲಿಲ್ಲ.

ಮಧ್ಯಾಹ್ನ, ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಕುರ್ಚಿಯ ಮೇಲೆ ಅವರು ಸತ್ತರು. ದೀಪದ ಬಲ್ಬು ಬದಲಿಸಿ, ಬೆಳಕು ಎಲ್ಲಿ ಬೀಳುತ್ತೆ ನೋಡಲು ತಾವೇ ಕೂತಿದ್ದರು. ಡಾಕ್ಟರು ಹೃದಯ ನಿಂತಿತು ಎಂದರು. ಆದರೂ ಮನೆಗೆ ಬಂದವರಿಗೆಲ್ಲ ಮೈದುನ ಹೇಳಿದ್ದು ಬೇರೆ. "ಆ ಬೂದಿ ಅಣ್ಣನ ಎದೆಗೆ ಹೋಯ್ತು. ಆ ಪುಸ್ತಕ ಬರದಿದ್ರೆ ಇವತ್ತು ಇರ್ತಿದ್ದ." ಬಂದವರು ತಟ್ಟೆ ಸ್ಟ್ಯಾಂಡಿನ ಮೇಲಿದ್ದ ಪುಸ್ತಕವನ್ನು ಕೊಲೆಗಾರನನ್ನು ನೋಡುವ ಹಾಗೆ ನೋಡಿದರು. ನನಗೂ ಅದನ್ನು ಒಲೆಗೆ ಹಾಕಬೇಕು ಅನ್ನಿಸಿತ್ತು. ಯಾರಿಗಾದರೂ ಬೈಯಬೇಕಲ್ಲ. ಆದರೆ ಬೂದಿಗುಡ್ಡದಲ್ಲಿ ಅವರು ಸಾಯಲಿಲ್ಲ. ಸ್ಟುಡಿಯೋದಲ್ಲಿ ಸತ್ತರು, ಗೋಡೆಗೆ ತಿರುಗಿಸಿದ್ದ ಹಿಮದ ಬೆಟ್ಟದ ಪರದೆಗೆ ಬೆನ್ನು ಕೊಟ್ಟು.

ಕೋಟಿನ ಫೋಟೋ ಗೋಡೆಗೆ ಏರಿತು. ಮೊಳೆ ಹೊಡೆದವನು ಮೈದುನ. ತೆಗೆಯಲು ಅತ್ತೆ ಬಿಡಲಿಲ್ಲ. ನಾನು ದಿನವೂ ಅದರ ಎದುರು ಕೂತು ಉಣ್ಣಬೇಕು. ನನ್ನ ಗಂಡನೇ ಕಲಿಸಿದ ಚಾಳಿ, ನೋಡಿದ್ದನ್ನೇ ನೋಡುವುದು. ಹಾಗೆ ನೋಡುತ್ತಿರುವಾಗ ಒಂದು ದಿನ ಕಂಡಿತು. ಕಿವಿಯ ಮೇಲೆ ಒಂದು ಗೊಂಚಲು ಕೂದಲು ಎದ್ದು ನಿಂತಿದೆ. ಗಾಳಿಗೆ ಎದ್ದದ್ದು. ಸ್ಟುಡಿಯೋದಲ್ಲಿ ಎಲ್ಲಿಯ ಗಾಳಿ. ಕಣ್ಣೂ ಸ್ವಲ್ಪ ಕಿರಿದಾಗಿದೆ, ಬಿಸಿಲಿಗೆ. ಎಲ್ಲವನ್ನೂ ತಿದ್ದಿದವನು ಆ ಕೂದಲನ್ನು ಬಾಚಲು ಮರೆತಿದ್ದ.

ಅದು ನಾನು ತೆಗೆದ ಫೋಟೋ. ಗುಡ್ಡವನ್ನೆಲ್ಲ ಕತ್ತರಿಸಿ ಬಿಸಾಕಿ, ಕಡಲೆಕಾಳಿನಷ್ಟು ಮುಖವನ್ನು ಹಿಗ್ಗಿಸಿದ್ದ. ಅಷ್ಟು ಹಿಗ್ಗಿಸಿದರೆ ಮುಖ ರವೆ ಚೆಲ್ಲಿದ ಹಾಗೆ ಕಾಳುಕಾಳಾಗುತ್ತದೆ. ಅದಕ್ಕೇ ಸುಣ್ಣ ಬಳಿದಿದ್ದು.

ಕೈ ತೊಳೆದು ಹಾಗೆಯೇ ಅಂಗಡಿಗೆ ನಡೆದೆ. ಅವರು ಹೋದ ಮೇಲೆ ಆ ಬೀದಿಗೆ ಹೋಗಿರಲಿಲ್ಲ. ಶೋಕೇಸಿನ ಮುಂದೆ ಕಾಲು ನಿಂತಿತು. ಗಾಜಿನ ಹಿಂದೆ, ಮದುಮಕ್ಕಳ ಮತ್ತು ಕೂಸುಗಳ ನಡುವೆ, ಅದೇ ಕೋಟಿನವನು ಇನ್ನೊಂದು ಕಟ್ಟಿನಲ್ಲಿ ಕೂತಿದ್ದ. ಕೆಳಗೆ ಒಂದು ಚೀಟಿ: ಹಳೇ ಫೋಟೋಗಳನ್ನು ಹೊಸದರಂತೆ ಮಾಡಿಕೊಡಲಾಗುವುದು.

ಬಾಗಿಲು ತಳ್ಳಿದೆ. ಒಳಗೆ ಒಬ್ಬ ಹೆಂಗಸು ಮಗುವನ್ನು ಫೋಟೋಗೆ ಕರೆತಂದಿದ್ದಳು. ಪರದೆ ಮತ್ತೆ ಈ ಕಡೆ ತಿರುಗಿತ್ತು. ಮೊಸರಿನ ಬೆಟ್ಟ ವಾಪಸ್ಸು ಬಂದಿತ್ತು.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದ ಮೈದುನ.

"ಆ ಕುರ್ಚಿ ಮೇಲೆ ನಾನು ಕೂರಲ್ಲ. ಅವರನ್ನ ಯಾಕೆ ಬೀದಿಗೆ ಇಟ್ಟಿದ್ದೀಯ?"

"ಕೆಲಸ ಚೆನ್ನಾಗಿ ಬಂದಿದೆ ಅಂತ. ನೋಡಿದವರೆಲ್ಲ ಕೇಳ್ತಾರೆ. ಅಣ್ಣಂಗೂ ಒಂದು ಗೌರವ ಅಲ್ವಾ."

"ಗೌರವ ಆದ್ರೆ ನಿನ್ನ ಫೋಟೋ ಇಡು."

"ನಾನಿನ್ನೂ ಬದುಕಿದ್ದೀನಲ್ಲ ಅತ್ತಿಗೆ."

"ಕೋಟು ಇದೆಯಲ್ಲ. ಕ್ಲಿಪ್ಪು ನಾನು ಹಾಕ್ತೀನಿ. ಕೂತ್ಕೊ."

ಮಗುವಿನ ತಾಯಿಗೆ ನಗು ಬಂತು. ಮುಖ ತಿರುಗಿಸಿಕೊಂಡಳು.

"ಬೂದಿಗುಡ್ಡದ ನೆಗೆಟಿವ್ ಎಲ್ಲಿ? ನಾನು ತೆಗೆದಿದ್ದು."

ಅವನ ಮುಖ ಇಳಿಯಿತು. ಗೊತ್ತಾಗುವುದಿಲ್ಲ ಅಂದುಕೊಂಡಿದ್ದ. "ಅದರಲ್ಲೇನಿದೆ. ಅಣ್ಣ ಹೆಬ್ಬೆರಳಷ್ಟಿದ್ದಾನೆ. ಅದೂ ಸೊಟ್ಟ. ಉಳಿದಿದ್ದೆಲ್ಲ ಬೂದಿ. ಮುಖ ತಗೊಂಡು ಉಳಿದಿದ್ದನ್ನ ಬಿಟ್ಟೆ."

"ಈ ಅಂಗಡಿಯಲ್ಲಿ ಕತ್ತರಿ ಹಿಡಿದವಳು ನಾನು. ಏನು ಬಿಡ್ಬೇಕು, ಏನು ಉಳಿಸ್ಬೇಕು ಅಂತ ನನ್ನನ್ನ ಕೇಳ್ಬೇಕಿತ್ತು. ಅವರು ಆ ಕೋಟು ಬೇಡ ಅಂದಿದ್ದು ನಿನಗೇ. ನನಗಲ್ಲ."

ಅವನು ಮಗುವಿನ ತಾಯಿಗೆ ಸಂಜೆ ಬನ್ನಿ ಎಂದು ಕಳಿಸಿದ. ಅವಳು ಹೋದ ಮೇಲೆ ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಅಪ್ಪ ಹೋದ್ಮೇಲೆ ಅಣ್ಣನ್ನ ಕೇಳಿದ್ದೆ ಅತ್ತಿಗೆ. ನಾವಿಬ್ರೂ ಒಂದ್ಸಲ ಪಕ್ಕಪಕ್ಕ ಕೂತ್ಕೊಳ್ಳೋಣ, ಒಂದು ಫೋಟೋ ಇರಲಿ ಅಂತ. ಕೂತ್ನಾ? ಯಾವುದೋ ದೇಶದ ಕೂಲಿಯವನ ಮುಖಾನ ವಾರಗಟ್ಲೆ ನೋಡ್ತಿದ್ದ. ನನ್ನ ಮುಖ ಒಂದು ದಿನ ನೋಡಿದ್ನಾ? ನಿಮಗೆ ಗುಡ್ಡ ಬೇಕು. ನಂಗೆ ಅಣ್ಣ ನೆಟ್ಟಗೆ ಕೂತು ನನ್ನ ಕಡೆ ನೋಡ್ಬೇಕಿತ್ತು. ಕೂರಿಸ್ದೆ. ತಪ್ಪಾ?"

ನನ್ನ ಸಿಟ್ಟು ಇಳಿಯಲಿಲ್ಲ. ಅದಕ್ಕೊಬ್ಬ ಪಾಲುದಾರ ಸಿಕ್ಕಿದ, ಅಷ್ಟೆ. ಸತ್ತವರ ಮೇಲೆ ಇಬ್ಬರಿಗೂ ಸಿಟ್ಟು.

"ತಪ್ಪು" ಎಂದೆ. "ನಿನಗೆ ಬೇಕಾದ್ರೆ ನಿನ್ನ ಮನೇಲಿ ಹಾಕ್ಕೊ. ಬೀದಿಗೆ ಬೇಡ. ನನ್ನ ಗೋಡೆಗೂ ಬೇಡ. ಈಗ ನೆಗೆಟಿವ್ ತೆಗಿ. ಪೂರ್ತಿ ಹಾಕಿಕೊಡು. ಒಂದು ಕೂದಲೂ ಕತ್ತರಿಸ್ಬೇಡ."

ಹಿಂದಿನ ಕತ್ತಲೆ ಕೋಣೆಯಲ್ಲಿ ಈಗ ರಟ್ಟಿನ ಪೆಟ್ಟಿಗೆ ತುಂಬಿದ್ದಾರೆ. ಅವನ್ನು ಸರಿಸಿ ಜಾಗ ಮಾಡಿದೆವು. ಅವರು ಕೊನೆಯವರೆಗೂ ಬಳಸುತ್ತಿದ್ದ ಔಷಧಿ, ಟ್ರೇ ಎಲ್ಲ ಹಾಗೇ ಇದ್ದವು. ಕೆಂಪು ದೀಪ ಹಾಕಿದ. ನೆಗೆಟಿವ್ ಇಟ್ಟು, ಮೇಲಿನಿಂದ ಹಾಳೆಗೆ ಬೆಳಕು ಬಿಟ್ಟು, ಅದನ್ನು ತೆಗೆದು ಔಷಧಿಯ ನೀರಿಗೆ ಹಾಕಿದ. ಬಿಳಿ ಹಾಳೆ ನೀರಿನಲ್ಲಿ ತೇಲಿತು. ಇಬ್ಬರೂ ಬಗ್ಗಿ ನೋಡಿದೆವು. ಅವನು ಟ್ರೇಯನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದ, ಅವರು ಅಲ್ಲಾಡಿಸುತ್ತಿದ್ದ ಹಾಗೆಯೇ.

ಗುಡ್ಡ ಬರಲಿಲ್ಲ. ಆಕಾಶ ಬರಲಿಲ್ಲ. ಮೊದಲು ಬಂದದ್ದು ಒಂದು ಕಪ್ಪು ಚುಕ್ಕೆ. ಅಷ್ಟು ಬಿಳಿ ಬೂದಿಯಲ್ಲಿ ಕಪ್ಪಗಿದ್ದದ್ದು ಅವರೊಬ್ಬರೇ. ಚುಕ್ಕೆಗೆ ಕಾಲು ಬಂತು, ತಲೆ ಬಂತು. ಆಮೇಲೆ ನಿಧಾನಕ್ಕೆ ಅವರ ಹಿಂದೆ ಗುಡ್ಡ ಎದ್ದಿತು.

ಮೈದುನ ಮೂಗು ಒರೆಸಿಕೊಂಡ. "ವಾಲಿದೆ ಅತ್ತಿಗೆ. ನೆಟ್ಟಗೆ ಮಾಡ್ಲಾ?"

"ಬೇಡ."

ಶೋಕೇಸಿನಿಂದ ಕೋಟಿನವನನ್ನು ಅವನೇ ತೆಗೆದ. ಚೀಟಿ ಮಾತ್ರ ಅಲ್ಲೇ ಇದೆ. ಅದು ಅವನ ಹೊಟ್ಟೆಪಾಡು, ನನ್ನ ಜಗಳ ಅದರ ಮೇಲಲ್ಲ.

ಮನೆಯಲ್ಲಿ ನಾನು ಕೋಟಿನ ಫೋಟೋ ಇಳಿಸಿದಾಗ ಅತ್ತೆ ಬಾಯಿಗೆ ಬಂದ ಹಾಗೆ ಬೈದರು. "ನನ್ನ ಮಗನ್ನ ಗೋಡೆಯಿಂದಲೂ ಇಳಿಸ್ತೀಯಾ? ನೀನು ಹೆಂಡತಿನಾ, ಜಪ್ತಿಗೆ ಬಂದವಳಾ?" ಅದೇ ಕಟ್ಟಿನೊಳಗೆ ಗುಡ್ಡದ ಫೋಟೋ ಹಾಕಿ ಅವರ ತೊಡೆಯ ಮೇಲೆ ಇಟ್ಟೆ.

"ಏನಿದು, ಬೂದು ಬಟ್ಟೆನಾ?"

"ಹತ್ತಿರದಿಂದ ನೋಡಿ ಅತ್ತೆ."

ಮೂಗು ತಾಗಿಸಿ ಒಂದು ಕೊನೆಯಿಂದ ಹುಡುಕುತ್ತ ಬಂದರು. ಪೊರೆ ಬಂದ ಕಣ್ಣಿಗೆ ಆ ಮುಖ ಕಾಣುವುದು ಸಾಧ್ಯವಿಲ್ಲ. ನನಗೇ ಸರಿಯಾಗಿ ಕಾಣುವುದಿಲ್ಲ. ಕೆಳಗಿನ ಅಂಚಿನ ಹತ್ತಿರ ಅವರ ಮೂಗು ನಿಂತಿತು. ತುಂಬ ಹೊತ್ತು ನಿಂತಿತು.

"ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾನೆ, ಕೊಕ್ಕರೆ ಹಾಗೆ" ಎಂದರು. "ನಡೆಯಕ್ಕೆ ಕಲಿತಾಗಿಂದ ಹೀಗೇ. ನೆಟ್ಟಗೆ ನಿಲ್ಲು ಅಂದ್ರೆ ಇನ್ನೊಂದು ಕಾಲಿಗೆ ಬದಲಾಯಿಸ್ತಿದ್ದ."

ಆಮೇಲೆ ಸೆರಗಿನಿಂದ ಗಾಜು ಒರೆಸಿದರು. "ಗುಡ್ಡ ಯಾಕೆ ಬೀಳ್ತಾ ಇದೆ? ಯಾರು ತೆಗೆದಿದ್ದು?"

"ನಾನು."

"ಗೊತ್ತಾಗುತ್ತೆ."

ಈಗ ಅದೇ ಗೋಡೆಯಲ್ಲಿದೆ, ಪುಸ್ತಕದ ಎದುರು. ಪುಸ್ತಕ ನನ್ನ ಗಂಡ ಬಿಟ್ಟುಹೋದ ಪುಟದಲ್ಲೇ ತಿಂಗಳುಗಟ್ಟಲೆ ಇತ್ತು. ಮೊನ್ನೆ ಭಾನುವಾರ ಕೈ ತೊಳೆದುಕೊಂಡು ತಿರುಗಿಸಿದೆ. ಬೈಯುವವರು ಯಾರೂ ಇಲ್ಲ ಅಂತ ಅದಕ್ಕೂ ಸಿಟ್ಟು ಬಂತು.

ಮನೆಗೆ ಬಂದವರು ಗೋಡೆ ನೋಡಿ ಕೇಳುತ್ತಾರೆ. ಯಜಮಾನರ ಫೋಟೋ ಹಾಕಿಲ್ವಾ, ಇದ್ಯಾವುದೋ ಗುಡ್ಡ ಅಲ್ವಾ ಅಂತ. ಹತ್ತಿರ ಹೋಗಿ ನೋಡಿ ಅನ್ನುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರು ಕೂತಲ್ಲಿಂದಲೇ ಕತ್ತು ಚಾಚಿ, ಏನೂ ಕಾಣಲ್ಲಮ್ಮ, ಒಂದು ಒಳ್ಳೆ ಮುಖದ ಫೋಟೋ ಹಾಕಬಾರದಿತ್ತಾ ಅನ್ನುತ್ತಾರೆ. ಏಳುವುದಕ್ಕೂ ಆಗದವರಿಗೆ ನನ್ನ ಗಂಡನ ಮುಖ ಕಾಣುವುದು ಬೇಡ.